ಹೊರಗಿನ ಚಿಲಕ ತೆಗೆಸಿದ ಮೇಲೆ

ಮೂವತ್ತೊಂದು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ನನ್ನ ಯಜಮಾನರು ಹೃದ್ರೋಗಿ. ನಮ್ಮ ಒಬ್ಬನೇ ಮಗ ಬೆಂಗಳೂರಿನ ಕೆಲಸ ಕಳೆದುಕೊಂಡು ಮನೆಗೆ ಬಂದಾಗ ಅವನಿಗೆ 29 ವರ್ಷ. ಮೊದಲು ಕುಡಿಯಲು ಹಣ ಕೇಳುತ್ತಿದ್ದವನು ಆಮೇಲೆ ಮನೆಯನ್ನು ತನ್ನ ಹೆಸರಿಗೆ ಬರೆದುಕೊಡಿ ಎಂದು ಪಟ್ಟು ಹಿಡಿದ. ಕೊನೆಗೆ ಒಂದು ರಾತ್ರಿ ತಂದೆಯ ಕೊರಳಪಟ್ಟಿ ಹಿಡಿದು, "ಇಬ್ಬರನ್ನೂ ಒಳಗೆ ಕೂಡಿ ಗ್ಯಾಸ್ ಹಚ್ಚಿಬಿಡ್ತೀನಿ" ಎಂದ.

ಆ ರಾತ್ರಿ ನಾನು ಹೆದರಿ ಓಡಿದ್ದು ಅಡುಗೆಮನೆಗೆ. ಅದಕ್ಕೆ ಇರುವುದು ಒಂದೇ ಬಾಗಿಲು, ಈಳಿಗೆಮಣೆ, ಚಾಕು, ಸಿಲಿಂಡರ್ ಎಲ್ಲವೂ ಅಲ್ಲೇ ಇವೆ ಎಂಬುದು ಒಳಗೆ ಹೋಗಿ ನಿಂತ ಮೇಲೆ ಹೊಳೆಯಿತು. ಹೆಂಗಸರಿಗೆ ಕಾಲು ತಾನಾಗಿಯೇ ಆ ಕಡೆ ಎಳೆಯುತ್ತದೆ. ಬೆಳಗಾದ ಮೇಲೆ ಯಜಮಾನರೂ ನಾನೂ ಕುಳಿತು, ಗದ್ದಲ ಶುರುವಾಗುವ ಸೂಚನೆ ಕಂಡ ಕೂಡಲೇ ಮಾತಿಗೆ ಮಾತು ಬೆಳೆಸದೆ ಜಗಲಿಗೆ ಬರಬೇಕು, ಅದು ಆಗದಿದ್ದರೆ ಮಲಗುವ ಕೋಣೆಗೆ ಸೇರಬೇಕು, ಅಡುಗೆಮನೆ ಮತ್ತು ಬಚ್ಚಲಿನ ಕಡೆ ಮಾತ್ರ ಹೋಗಬಾರದು ಎಂದು ನಿಶ್ಚಯಿಸಿಕೊಂಡೆವು.

ಮಲಗುವ ಕೋಣೆಯ ಬಾಗಿಲಿಗೆ ಹೊರಗಡೆಯೂ ಒಂದು ಚಿಲಕವಿತ್ತು. ನಮ್ಮನ್ನು ಒಳಗೆ ಕೂಡುತ್ತೇನೆ ಎಂದವನಿಗೆ ಅಷ್ಟೇ ಸಾಕಾಗಿತ್ತು. ಮಗ ಮನೆಯಲ್ಲಿಲ್ಲದ ಹೊತ್ತು ಬಡಗಿಯನ್ನು ಕರೆಸಿ ಅದನ್ನು ತೆಗೆಸಿ, ಒಳಗಡೆಗೆ ಗಟ್ಟಿಯಾದ ಕಬ್ಬಿಣದ ಅಗುಳಿ ಹಾಕಿಸಿದೆ. ಒಂದು ಮೊಬೈಲು, ಚಾರ್ಜರ್, ಟಾರ್ಚು, ನೀರು ಮತ್ತು ಯಜಮಾನರ ಎರಡು ದಿನದ ಮಾತ್ರೆಗಳು ಯಾವಾಗಲೂ ಆ ಕೋಣೆಯಲ್ಲಿ ಇರುತ್ತಿದ್ದವು. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಸಿಲಿಂಡರಿನಿಂದ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಈಳಿಗೆಮಣೆ, ಚಾಕು, ಬೆಂಕಿಪೊಟ್ಟಣಗಳನ್ನೆಲ್ಲ ಒಳಗೇ ಬಿಟ್ಟು ಬಾಗಿಲಿಗೆ ಬೀಗ ಜಡಿಯುತ್ತಿದ್ದೆ. ಅವನ ಊಟವನ್ನು ತಟ್ಟೆಗೆ ಬಡಿಸಿ, ಇನ್ನೊಂದು ತಟ್ಟೆ ಮುಚ್ಚಿ, ನಡುಮನೆಯ ಮೇಜಿನ ಮೇಲೆ ಇಡುತ್ತಿದ್ದೆ. ಹೆತ್ತ ಮಗನಿಗೆ ಹೆದರಿ ಅಡುಗೆಮನೆಗೆ ಬೀಗ ಹಾಕಿದ ಕೈಯಿಂದಲೇ ಅವನಿಗೆ ಅನ್ನ ಮುಚ್ಚಿಡುವಾಗ ನನಗೆ ಆದ ಸಂಕಟವನ್ನು ಇಲ್ಲಿ ವಿವರಿಸಲಾರೆ. ಆದರೂ ಒಂದು ರಾತ್ರಿಯೂ ಬೀಗ ತಪ್ಪಿಸಲಿಲ್ಲ.

ಮನೆಪತ್ರ, ಪಾಸ್‌ಬುಕ್, ಆಧಾರ್, ಪಿಂಚಣಿ ಕಾಗದಗಳನ್ನು ಅಕ್ಕನ ಮನೆಗೆ ಸಾಗಿಸಿದೆವು. ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಬದಲಿಸಿದೆವು. ಇವುಗಳಿಗಿಂತ ಕಷ್ಟವಾದದ್ದು ಪಕ್ಕದ ಮನೆಯವರಿಗೆ ಹೇಳುವುದು. "ಟೀಚರ ಮಗ" ಎಂದು ಊರೆಲ್ಲ ಕೊಂಡಾಡಿದ ಹುಡುಗನ ಬಗ್ಗೆ ಅಂಥ ಮಾತು ಆಡಲು ಎಂಟು ತಿಂಗಳು ನಾಲಿಗೆ ಏಳಲಿಲ್ಲ. ಹೇಳಿದಾಗ ಆ ತಾಯಿ, "ನಮಗೆ ಎಲ್ಲ ಕೇಳಿಸ್ತಿತ್ತು ಟೀಚರೇ, ನೀವಾಗಿ ಹೇಳದೆ ಹೇಗೆ ಬರೋದು ಅಂತ ಸುಮ್ಮನಿದ್ವಿ" ಎಂದರು. ಅಂದಿನಿಂದ ನನ್ನ ಎರಡು ಮಿಸ್ಡ್ ಕಾಲ್ ಹೋದರೆ ಅವರು ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆ ಮಾಡುವುದು, ತಾವು ಒಳಗೆ ಬಾರದೆ ಗೇಟಿನ ಬಳಿ ನಿಂತು ನಮ್ಮ ಹೆಸರು ಹಿಡಿದು ಕೂಗುವುದು ಎಂದು ಒಪ್ಪಂದವಾಯಿತು. ಎರಡು ಸಲ ಅದು ನಮ್ಮನ್ನು ಕಾಪಾಡಿತು.

ಠಾಣೆಗೆ ಮೊದಲ ಸಲ ಹೋದಾಗ "ಮನೆ ಜಗಳ, ಮನೆಯಲ್ಲೇ ಸರಿಮಾಡಿಕೊಳ್ಳಿ ಅಮ್ಮಾ" ಎಂದು ಕಳುಹಿಸಿದ್ದರು. ಬಾಯಿಮಾತಿನಲ್ಲಿ ಹೇಳಿದ್ದು ನನ್ನ ತಪ್ಪು. ಎರಡನೆಯ ಸಲ, ದಿನಾಂಕ, ಸಮಯ ಮತ್ತು ಅವನು ಆಡಿದ ಮಾತುಗಳನ್ನು ಇದ್ದಹಾಗೆಯೇ ಬರೆದಿಟ್ಟಿದ್ದ ನೋಟ್‌ಬುಕ್ಕಿನಿಂದ ಎರಡು ಪ್ರತಿ ದೂರು ತಯಾರಿಸಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಂಡು ಬಂದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದಾಗ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದೆಂದು ತಿಳಿಸಿದರು. ವಕೀಲರಿಲ್ಲದೆ ನಾವೇ ಹೋಗಿ ನೋಟ್‌ಬುಕ್ಕು, ದೂರಿನ ಪ್ರತಿ, ಮನೆಯ ಖಾತೆಯನ್ನು ಮುಂದಿಟ್ಟೆವು. ಹಿರಿಯರ ರಕ್ಷಣೆಗೆ ಅಗತ್ಯವಾದ ಸಂದರ್ಭದಲ್ಲಿ ಮನೆ ತೆರವು ಮಾಡಿಸಲು ಈ ನ್ಯಾಯಮಂಡಳಿ ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ಬೆಂಗಳೂರಿನಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ ಹೇಳಿದೆ. ಮನೆಯನ್ನು ಮಗನ ಹೆಸರಿಗೆ ಬರೆದುಕೊಡದಿದ್ದದ್ದು ನಮಗೆ ದೊಡ್ಡ ಆಸರೆಯಾಯಿತು. ದಾನಪತ್ರ ಬರೆಯಲೇಬೇಕಾದ ಹಿರಿಯರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಅದೇ ಕಾಯ್ದೆಯ 23ನೆಯ ಕಲಮಿನಲ್ಲಿ ದಾರಿ ಇದೆ.

ಮಗನನ್ನು ಬೀದಿಗೆ ತಳ್ಳುವುದು ನಮ್ಮ ಉದ್ದೇಶವಾಗಿರಲಿಲ್ಲ. ಕುಡಿತ ಬಿಡಿಸಲು ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಎಂದು ಬಂಧುಗಳೊಬ್ಬರು ಸಲಹೆ ಕೊಟ್ಟಿದ್ದರು. ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು, ಆದ್ದರಿಂದ ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು ಎಂದು ಮನೋವೈದ್ಯರು ಹೇಳಿದ ಮೇಲೆ ಆ ಮಾತು ಬಿಟ್ಟೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಿ ನನ್ನ ಎದೆಭಾರವನ್ನೂ ಇಳಿಸಿಕೊಂಡೆ.

ವಿಚಾರಣೆಯ ದಿನ ಅಧಿಕಾರಿಯ ಮುಂದೆ ಅವನು ತಾನಾಗಿಯೇ ಮನೆ ಬಿಡುವುದಾಗಿ, ಚಿಕಿತ್ಸೆ ಪಡೆಯುವುದಾಗಿ ಬರೆದುಕೊಟ್ಟ. ಮೂರು ತಿಂಗಳ ಬಾಡಿಗೆಯನ್ನು ನಾವು ನೇರವಾಗಿ ಕೋಣೆಯ ಮಾಲೀಕರಿಗೆ ಕಟ್ಟಿದೆವು. ಅವನ ಕೈಗೆ ನಗದು ಕೊಡಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾನೆ. ಪಕ್ಕದ ಮನೆಯವರು ಆ ಹೊತ್ತಿಗೆ ಕಿಟಕಿ ತೆರೆದಿಟ್ಟಿರುತ್ತಾರೆ. ಜಗಲಿಯಲ್ಲಿ ಕುಳಿತು ತಂದೆಯೊಡನೆ ಮಾತನಾಡಿ, ನಾನು ತುಂಬಿಸಿಟ್ಟ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಾನೆ. ಕುಡಿದು ಬಂದರೆ ಕ್ಯಾರಿಯರನ್ನು ಗೇಟಿನಲ್ಲಿಯೇ ಕೊಟ್ಟು ಕಳುಹಿಸುತ್ತೇನೆ. ಹಾಗೆ ಎರಡು ಸಲ ಆಗಿದೆ. ಮೊದಲ ಸಲ ಗೇಟಿಗೆ ಒದ್ದ. ಎರಡನೆಯ ಸಲ, "ಬರುವ ವಾರ ಬರ್ತೀನಮ್ಮ" ಎಂದು ಹೇಳಿ ಹೊರಟುಹೋದ.