ಅಂಗೈಯಗಲದ ಬಣ್ಣದ ಸೋಲಾರ್ ಕಿಟಕಿ: ನನ್ನ ಅನುಭವ

ನನಗೆ ಬೇಕಿದ್ದದ್ದು ಇಷ್ಟೇ. ಕಿಟಕಿಯಿಂದ ಬೆಳಕೂ ಒಳಗೆ ಬರಬೇಕು, ಅದೇ ಗಾಜಿನಲ್ಲಿ ಕರೆಂಟೂ ಹುಟ್ಟಬೇಕು. ಅದಕ್ಕೆ ಆರಿಸಿಕೊಂಡದ್ದು 1991ರಲ್ಲಿ ಮೈಕೆಲ್ ಗ್ರೆಟ್ಸೆಲ್ ಮತ್ತು ಬ್ರಯಾನ್ ಓ'ರೀಗನ್ ತೋರಿಸಿಕೊಟ್ಟ ಡೈ ಸೋಲಾರ್ ಸೆಲ್. ಇದರಲ್ಲಿ ಬೆಳಕು ಹೀರುವುದು ಡೈ, ಅಂದರೆ ಬಣ್ಣ. ಮಾಮೂಲಿ ಸೋಲಾರ್ ಫಲಕದ ಸಿಲಿಕಾನ್ ಬೇಡವೇ ಬೇಡ.

ಗಾಜು ಮಾತ್ರ ಮಾಮೂಲಿಯದಲ್ಲ, ಒಂದು ಮೈಗೆ ಕರೆಂಟ್ ಹರಿಯುವ ಪಾರದರ್ಶಕ ಲೇಪ ಇರುತ್ತದೆ. ಯಾವ ಮೈ ಅಂತ ಮಲ್ಟಿಮೀಟರ್ ಇಟ್ಟೇ ನೋಡಬೇಕು. ಆ ಮೈಯ ಅಂಚುಗಳಿಗೆ ಟೇಪ್ ಅಂಟಿಸಿ, ನಡುವೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಪೇಸ್ಟ್ ಹಾಕಿ, ಗಾಜಿನ ಕಡ್ಡಿಯಿಂದ ಒಂದೇ ಸಲ ಎಳೆದೆ. ಆಮೇಲೆ 450 ಡಿಗ್ರಿಯಲ್ಲಿ ಅರ್ಧ ಗಂಟೆ. ಮಧ್ಯೆ ಪದರ ಕಂದಾದರೆ ಗಾಬರಿ ಬೇಡ, ಪೇಸ್ಟಿನ ಅಂಟು ಸುಟ್ಟುಹೋಗುವ ಹೊತ್ತು ಅದು, ಮತ್ತೆ ಬೆಳ್ಳಗಾಗುತ್ತದೆ. ಗಾಜು ತಾನಾಗಿಯೇ ತಣ್ಣಗಾಗಲಿ, ಅವಸರ ಮಾಡಿದರೆ ಸೀಳುತ್ತದೆ.

ನಂತರ ದಾಳಿಂಬೆ ರಸದಲ್ಲಿ ನೆನೆಹಾಕಿದೆ. ಬಿಳಿ ಪದರ ಅಂಚಿನಿಂದ ನಿಧಾನಕ್ಕೆ ನೇರಳೆಗೆ ತಿರುಗುವುದನ್ನು ನೋಡುತ್ತಾ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ನೀರಲ್ಲಿ ತೊಳೆದರೂ ಬಣ್ಣ ಹೋಗುವುದಿಲ್ಲ, ಟೈಟಾನಿಯಂ ಡೈಆಕ್ಸೈಡಿಗೆ ಕಚ್ಚಿಕೊಂಡಿರುತ್ತದೆ. ಹಾಗೆ ಕಚ್ಚಿಕೊಂಡರೆ ಮಾತ್ರ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಣ್ಣದಿಂದ ಆ ಪದರಕ್ಕೆ ದಾಟುವುದು. ಇನ್ನೊಂದು ಗಾಜಿಗೆ ಅರಿಶಿನದ ಹಳದಿ ಹಿಡಿಸಿದೆ.

ಎಡವಿದ್ದು ಎದುರು ಗಾಜಿನಲ್ಲಿ, ಅಂದರೆ ಬಣ್ಣದ ಗಾಜಿನ ಮೇಲೆ ಮುಚ್ಚುವ ಎರಡನೇ ಗಾಜಿನಲ್ಲಿ. ಅದಕ್ಕೆ ಪೆನ್ಸಿಲ್ ಉಜ್ಜಿದ್ದೆ. ಸೆಲ್ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಕಪ್ಪು ಪದರದಿಂದ ಆಚೆ ಏನೂ ಕಾಣದಿದ್ದರೆ ಅದು ಕಿಟಕಿ ಆಗುವುದಿಲ್ಲ ಅಲ್ವಾ? ಕಣ್ಣಿಗೆ ಕಾಣದಷ್ಟು ತೆಳು ಪ್ಲಾಟಿನಂ ಲೇಪಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ಎಲೆಕ್ಟ್ರಾನನ್ನು ಬಣ್ಣಕ್ಕೆ ವಾಪಸ್ ತಲುಪಿಸಲು ಎರಡು ಗಾಜುಗಳ ನಡುವೆ ತುಂಬುವ ಅಯೋಡಿನ್ ದ್ರಾವಣಕ್ಕೂ ತನ್ನದೇ ಕಂದು ಛಾಯೆ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಣ್ಣ ಆರಿಸಬೇಕು. ಮೊದಲ ಸೆಲ್‌ಗೆ ಸುಮ್ನೆ ಕ್ಲಿಪ್ ಹಾಕಿ ಬಿಟ್ಟಿದ್ದೆ, ದ್ರಾವಣ ಆರಿಹೋಗಿ ಕರೆಂಟ್ ನಿಂತಿತು. ಈಗ ಕಾಯಿಸಿದರೆ ಅಂಟುವ ಪ್ಲಾಸ್ಟಿಕ್ ಹಾಳೆಯಿಂದ ಸುತ್ತ ಸೀಲ್ ಮಾಡುತ್ತೇನೆ.

ಒಂದು ಸೆಲ್ ಬಿಸಿಲಲ್ಲಿ ಸುಮಾರು 0.4 ವೋಲ್ಟ್ ಕೊಡುತ್ತದೆ. ನಾಲ್ಕನ್ನು ಸಾಲಾಗಿ ಜೋಡಿಸಿ ಕಿಟಕಿಗೆ ಒರಗಿಸಿದಾಗ ಒಂದು ಚಿಕ್ಕ ಕ್ಯಾಲ್ಕುಲೇಟರ್ ನಡೆಯಿತು.

ಇಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಡಲೇಬೇಕು. ನಮಗೆ ಕಾಣುವ ಬಣ್ಣ ಸೆಲ್ ಹೀರದೆ ಬಿಟ್ಟ ಬೆಳಕು. ಪದರ ದಪ್ಪ ಮಾಡಿದರೆ ಕರೆಂಟ್ ಜಾಸ್ತಿ, ಕೋಣೆ ಕತ್ತಲು. ಹಗಲಲ್ಲೇ ದೀಪ ಹಾಕಬೇಕಾದರೆ ಉಳಿಸಿದ್ದೇನು? ಅದಕ್ಕೇ ನನ್ನ ಆಯ್ಕೆ ತೆಳು ಪದರ.

ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, ಗ್ರೆಟ್ಸೆಲ್ ಅವರ ಕ್ಯಾಂಪಸ್ಸಿನಲ್ಲೇ, 2014ರಲ್ಲಿ ತೆರೆದ ಸ್ವಿಸ್‌ಟೆಕ್ ಸಮಾವೇಶ ಭವನಕ್ಕೆ ಇಂಥದೇ ಬಣ್ಣದ ಗಾಜು ಸುಮಾರು 300 ಚದರ ಮೀಟರ್ ಹಾಕಿದ್ದಾರೆ. ಹಣ್ಣಿನ ಬಣ್ಣ ಅಷ್ಟು ದೊಡ್ಡ ಕೆಲಸಕ್ಕೆ ಬಾರದು, ಬಿಸಿಲಿಗೆ ಮಾಸುತ್ತದೆ. ನನ್ನ ನೇರಳೆ ಗಾಜು ಈಗಲೇ ಒಂದು ಮೂಲೆಯಲ್ಲಿ ಬಿಳಿಚಿಕೊಂಡಿದೆ. ಮುಂದಿನದಕ್ಕೆ ರುಥೇನಿಯಂ ಎಂಬ ಲೋಹದ ಡೈ.