ಮುಟ್ಟದೆ ಆವೇಶ ಇಳಿಸಿದ ಬಗೆ

2015ರ ಡಿಸೆಂಬರ್ 3ರಂದು ಹಾರಿದ ಲೀಸಾ ಪಾತ್‌ಫೈಂಡರ್ ಎಂಬ ಪರೀಕ್ಷಾ ನೌಕೆಯಲ್ಲಿ ಚಿನ್ನ–ಪ್ಲಾಟಿನಂ ಮಿಶ್ರಲೋಹದ, 46 ಮಿಲಿಮೀಟರ್ ಬದಿಯ, ಸುಮಾರು 2 ಕಿಲೋ ತೂಕದ ಎರಡು ಘನಗಳಿದ್ದವು. ಬಾಹ್ಯಾಕಾಶದಲ್ಲಿ ಗುರುತ್ವ ಅಲೆಗಳನ್ನು ಅಳೆಯಲಿರುವ ಲೀಸಾ ಯೋಜನೆಯಲ್ಲಿಯೂ ಇಂಥವೇ ಘನಗಳಿರುತ್ತವೆ. ಅವುಗಳ ಮೇಲೆ ಬೇರಾವ ಬಲವೂ ಬೀಳಬಾರದು. ಆದರೆ ವಿಶ್ವಕಿರಣಗಳು ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಎಲೆಕ್ಟ್ರಾನ್‌ಗಳಷ್ಟು ಧನ ವಿದ್ಯುದಾವೇಶವನ್ನು ಘನಕ್ಕೆ ಸೇರಿಸುತ್ತಲೇ ಇರುತ್ತವೆ; ಆ ಆವೇಶದಿಂದಲೂ ಘನದ ಮೇಲೆ ಬಲ ಬೀಳುತ್ತದೆ. ತಂತಿ ತಾಗಿಸಿ ಅದನ್ನು ಇಳಿಸುವಂತಿಲ್ಲ, ತಾಗಿದರೆ ಅದೇ ಒಂದು ಬಲ. ಆದ್ದರಿಂದ ಸುತ್ತಲಿನ ಕವಚದ ಮೇಲೆ ನೇರಳಾತೀತ ಬೆಳಕು ಬೀರಿ, ಅಲ್ಲಿಂದ ಹೊಮ್ಮುವ ಎಲೆಕ್ಟ್ರಾನ್‌ಗಳನ್ನು ಘನಕ್ಕೆ ಹಾಯಿಸಬೇಕು.

ಈ ಉಪಾಯವನ್ನು ನೆಲದ ಮೇಲೆ ಪರೀಕ್ಷಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಚಿನ್ನದ ಲೇಪವಿದ್ದ ಟೊಳ್ಳು ಘನವೊಂದನ್ನು ಕೂದಲಿಗಿಂತ ತೆಳುವಾದ ಎಳೆಯಿಂದ ನಿರ್ವಾತ ಕೋಶದೊಳಗೆ ತೂಗುಹಾಕಿ, ಪಕ್ಕದ ಎಲೆಕ್ಟ್ರೋಡ್‌ಗಳಿಗೆ ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಟ್ಟರೆ, ಆವೇಶ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಘನ ಅದೇ ಲಯದಲ್ಲಿ ಎಡಕ್ಕೂ ಬಲಕ್ಕೂ ತಿರುಚಿಕೊಳ್ಳುತ್ತದೆ. ಕೋಣೆಯಲ್ಲಿ ಯಾರಾದರೂ ನಡೆದಾಡಿದರೂ ಲೆಕ್ಕ ಕೆಡುತ್ತಿದ್ದುದರಿಂದ ಅಳತೆಗಳನ್ನೆಲ್ಲ ರಾತ್ರಿಯೇ ತೆಗೆಯುತ್ತಿದ್ದೆ.

ಒಮ್ಮೆ ಕೋಶವನ್ನು ಕಾಯಿಸಿ ಆರಿಸಿದ ಮೇಲೆ ಎಲ್ಲವೂ ತಿರುವುಮುರುವಾಯಿತು. ಘನದ ಮೇಲೆಯೇ ಬೆಳಕು ಬಿಟ್ಟರೆ ಎಲೆಕ್ಟ್ರಾನ್‌ಗಳು ಹೊರಟು ಅದು ಧನಾವೇಶದತ್ತ ಸರಿಯಬೇಕಿತ್ತು; ಆವೇಶವನ್ನು ತೋರಿಸುವ ಗೆರೆ ಮಾತ್ರ ಋಣದತ್ತಲೇ ಇಳಿಯುತ್ತಿತ್ತು. ನಾನು ವೈರುಗಳನ್ನು ಅದಲುಬದಲು ಜೋಡಿಸಿರಬೇಕೆಂದು ಎರಡು ದಿನ ಹುಡುಕಿದ್ದು ವ್ಯರ್ಥವಾಯಿತು. ತಪ್ಪು ವೈರಿನದಲ್ಲ, ಚಿನ್ನದ ಮೇಲ್ಮೈಯದು. ಅಪರಂಜಿ ಚಿನ್ನದಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 5.1 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು, ನಮ್ಮ ಪಾದರಸದ ದೀಪದ 254 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಒಂದೊಂದು ಕಣದಲ್ಲಿರುವುದು 4.9 ಮಾತ್ರ, ಗಾಳಿ ಸೋಕಿ ಮೇಲ್ಮೈ ತುಸು ಮಲಿನವಾದ ಕಾರಣಕ್ಕಷ್ಟೇ ಈ ಉಪಾಯ ನಡೆಯುತ್ತದೆ. (ಅಕ್ಕಸಾಲಿಗರಿಗೆ ಇದನ್ನು ಹೇಳಿದರೆ ನಕ್ಕಾರು.) ಕಾಯಿಸಿದಾಗ ಘನ ಮತ್ತು ಕವಚದ ಮೇಲ್ಮೈಗಳು ಬೇರೆಬೇರೆಯಾಗಿ ಬದಲಾಗಿದ್ದವು, ಘನದಿಂದ ಪ್ರತಿಫಲಿಸಿದ ಬೆಳಕೇ ಕವಚದಿಂದ ಹೆಚ್ಚು ಎಲೆಕ್ಟ್ರಾನ್‌ಗಳನ್ನು ಕಿತ್ತು ತರುತ್ತಿತ್ತು.

ಮೇಲ್ಮೈಯನ್ನು ನೆಚ್ಚುವುದು ಬಿಟ್ಟು, ಪಾದರಸದ ದೀಪದ ಬದಲು ನೇರಳಾತೀತ ಎಲ್‌ಇಡಿ ಹಾಕಿದೆವು. ಎಲೆಕ್ಟ್ರೋಡ್‌ಗಳಲ್ಲಿ ಹೇಗೂ ಇರುವ 100 ಕಿಲೋಹರ್ಟ್ಸ್ ವೋಲ್ಟೇಜಿನ ಪ್ರತಿ ಆವರ್ತದ ಒಂದೇ ಅರ್ಧದಲ್ಲಿ ಅದು ಮಿನುಗುವಂತೆ ಮಾಡಿದರೆ, ಒಂದು ಎಲೆಕ್ಟ್ರಾನ್‌ವೋಲ್ಟನ್ನೂ ಮುಟ್ಟದ ಶಕ್ತಿಯ ಆ ಎಲೆಕ್ಟ್ರಾನ್‌ಗಳು ವೋಲ್ಟೇಜ್ ಎಳೆದ ಕಡೆಗೇ ಹೋಗುತ್ತವೆ. ಮಿನುಗುವ ಗಳಿಗೆಯನ್ನು ಅರ್ಧ ಆವರ್ತದಷ್ಟು ಜರುಗಿಸಿದ ರಾತ್ರಿ, ಇಳಿಯುತ್ತಿದ್ದ ಗೆರೆ ನಿಂತು, ಮೆಲ್ಲಗೆ ಮೇಲಕ್ಕೆ ತಿರುಗಿತು.