ಜರ್ಮನಿಗೆ ಹೊರಟ ಕೊಡಗಿನ ಅಪ್ಪ ಅಮ್ಮಂದಿರಿಗೆ: ಮಗುವಿನ ಕಿಂಡರ್‌ಗಾರ್ಟನ್‌ ವಿಚಾರ

ರಜೆಗೆ ವಿರಾಜಪೇಟೆಗೆ ಬಂದರೆ ಸಾಕು, ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ. ಗಂಡನಿಗೋ ಹೆಂಡತಿಗೋ ಜರ್ಮನಿಯಲ್ಲಿ ಕೆಲಸ ಆಗಿದೆ, ಮಗುವಿಗೆ ಮೂರು ವರ್ಷ, ಒಳ್ಳೆ ಇಂಟರ್‌ನ್ಯಾಷನಲ್‌ ಕಿಂಡರ್‌ಗಾರ್ಟನ್‌ ಯಾವುದು? ಮಡಿಕೇರಿಯವರೂ ಕೇಳುತ್ತಾರೆ, ಗೋಣಿಕೊಪ್ಪದವರೂ ಕೇಳುತ್ತಾರೆ. ಕುಶಾಲನಗರದವರು ನೇರವಾಗಿ ಫೀಸಿನಿಂದಲೇ ಶುರು ಮಾಡುತ್ತಾರೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಕಿಂಡರ್‌ಗಾರ್ಟನ್‌ ಮುಗಿಸಿದವರು. ಪ್ರತಿ ಸಲ ಒಬ್ಬೊಬ್ಬರಿಗೇ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಇಂಟರ್‌ನ್ಯಾಷನಲ್‌ ಅಂತ ಇದೆಯೋ ಇಲ್ಲವೋ ಅನ್ನುವುದನ್ನು ಕೊನೆಗೆ ನೋಡಿ. ಆ ಹೆಸರಿನ ಹಿಂದೆ ಏನು ಬೇಕಾದರೂ ಇರಬಹುದು. ಒಂದು ಕಡೆ ದಿನವಿಡೀ ಇಂಗ್ಲಿಷೇ ಇರುತ್ತದೆ. ಇನ್ನೊಂದು ಕಡೆ ಒಬ್ಬ ಟೀಚರ್‌ ಜರ್ಮನ್‌, ಇನ್ನೊಬ್ಬರು ಇಂಗ್ಲಿಷ್‌ ಮಾತಾಡುತ್ತಾರೆ. ಮತ್ತೊಂದು ಕಡೆ ವಾರಕ್ಕೊಮ್ಮೆ ಯಾರೋ ಬಂದು ನಾಲ್ಕು ಇಂಗ್ಲಿಷ್‌ ಹಾಡು ಹೇಳಿಕೊಟ್ಟು ಹೋಗುತ್ತಾರೆ, ಅಷ್ಟೇ. ಮೊದಲು ತೀರ್ಮಾನ ಆಗಬೇಕಾದ್ದು ನೀವು ಅಲ್ಲಿ ಎಷ್ಟು ವರ್ಷ ಇರುತ್ತೀರಿ ಅನ್ನುವುದು.

ಅಲ್ಲಿನ ವ್ಯವಸ್ಥೆ ಸ್ವಲ್ಪ ತಿಳಿದಿರಲಿ. ಮೂರು ವರ್ಷದೊಳಗಿನ ಮಕ್ಕಳದ್ದು ಕ್ರಿಪ್ಪೆ, ಮೂರರಿಂದ ಆರರವರೆಗೆ ಕಿಂಡರ್‌ಗಾರ್ಟನ್‌. ಎರಡನ್ನೂ ಸೇರಿಸಿ ಕೀಟಾ ಅಂತಾರೆ. ಮೂರು ವರ್ಷ ದಾಟಿದ ಮಗುವಿಗೆ 1996ರಿಂದಲೂ ಕಾನೂನಿನ ಪ್ರಕಾರ ಸೀಟಿನ ಹಕ್ಕಿದೆ. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಮಕ್ಕಳಿಗೂ ಆ ಹಕ್ಕು ಬಂತು. ಅಲ್ಲಿ ಮನೆ ಮಾಡಿಕೊಂಡು ನೆಲೆಸಿದ ಮೇಲೆ ನಿಮ್ಮ ಮಗುವಿಗೂ ಇದು ಅನ್ವಯಿಸುತ್ತದೆ. ಹಕ್ಕು ಇದ್ದ ಮಾತ್ರಕ್ಕೆ ಮನೆ ಪಕ್ಕದಲ್ಲೇ ಸೀಟು ಸಿಗುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಊರುಗಳಲ್ಲಿ ವೇಟಿಂಗ್‌ ಲಿಸ್ಟ್‌ ಮಾಮೂಲಿ.

ದುಡ್ಡಿನ ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬರ್ಲಿನ್‌ನಲ್ಲಿ 2018ರಿಂದ ಎಲ್ಲ ವಯಸ್ಸಿನ ಮಕ್ಕಳಿಗೂ ಕೀಟಾ ಫೀಸ್‌ ಇಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ ಕೊಡಬೇಕು. ಆದರೆ ಗುಟ್‌ಶೈನ್‌ ಅನ್ನುವ ವೋಚರ್‌ ಮೊದಲು ಮಾಡಿಸಿಕೊಳ್ಳಬೇಕು, ಅದಕ್ಕೆ ಕಡೇಪಕ್ಷ ಎರಡು ತಿಂಗಳು ಮುಂಚೆ ಅರ್ಜಿ ಹಾಕಬೇಕು. ಹ್ಯಾಂಬರ್ಗ್‌ನಲ್ಲಿ 2014ರಿಂದ ದಿನಕ್ಕೆ ಐದು ಗಂಟೆ ಊಟದ ಸಮೇತ ಉಚಿತ. ಮ್ಯೂನಿಕ್‌ನಲ್ಲಿ ಸೀಟಿಗೆ ಅರ್ಜಿ ಹಾಕಲು ಕೀಟಾ ಫೈಂಡರ್‌ ಅನ್ನುವ ನಗರಪಾಲಿಕೆಯ ಪೋರ್ಟಲ್‌ ಇದೆ. ಪೂರ್ತಿ ಖಾಸಗಿ ಇಂಟರ್‌ನ್ಯಾಷನಲ್‌ ಕಿಂಡರ್‌ಗಾರ್ಟನ್‌ ಆದರೆ ತಿಂಗಳಿಗೆ ಸಾವಿರ ಯೂರೋ ದಾಟುವುದೂ ಉಂಟು. ಕಂಪನಿಯವರು ಕೊಡುತ್ತಾರಾ ಅಂತ ಆಫರ್‌ಗೆ ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಕೊಡುವವರು ಕಡಿಮೆ.

ಈಗ ವರ್ಷದ ವಿಚಾರಕ್ಕೆ ಬರೋಣ. ಎರಡು ವರ್ಷದ ಪ್ರಾಜೆಕ್ಟ್‌, ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ವಾಪಸ್‌ ಅನ್ನುವುದು ಖಚಿತವಾಗಿದ್ದರೆ ಇಂಗ್ಲಿಷ್‌ ಕಿಂಡರ್‌ಗಾರ್ಟನ್‌ ತಪ್ಪಲ್ಲ. ಇಲ್ಲಿ ಬಂದು ಒಂದನೇ ಕ್ಲಾಸಿಗೆ ಸೇರಿಸಲು ಅನುಕೂಲ. ಆದರೆ ಖಾಯಂ ಕೆಲಸ, ನೋಡೋಣ ಅನ್ನುವವರು ಮಗುವನ್ನು ಜರ್ಮನ್‌ ನಡುವೆ ಬಿಡುವುದೇ ವಾಸಿ. ಕಾರಣ ಇಷ್ಟೇ. ಆರು ವರ್ಷಕ್ಕೆ ಅಲ್ಲಿ ಶಾಲೆ ಕಡ್ಡಾಯ. ಮನೆಯಲ್ಲಿ ಕೂರಿಸಿ ಕಲಿಸುತ್ತೇವೆ ಅನ್ನುವ ಹಾಗಿಲ್ಲ. ಇಂಟರ್‌ನ್ಯಾಷನಲ್‌ ಸ್ಕೂಲಿನ ಫೀಸ್‌ ವರ್ಷಕ್ಕೆ ಹತ್ತು ಸಾವಿರ ಯೂರೋಗಿಂತ ಮೇಲೇ ಹೋಗುತ್ತದೆ. ಹಾಗಾದರೆ ಉಳಿದದ್ದು ಬೀದಿ ಕೊನೆಯ ಸರ್ಕಾರಿ ಶಾಲೆ. ಅದು ಒಳ್ಳೆಯ ಶಾಲೆಯೇ, ಆದರೆ ಪಾಠ ಜರ್ಮನ್‌ನಲ್ಲಿ. ಬರ್ಲಿನ್‌, ಬವೇರಿಯಾದಂಥ ರಾಜ್ಯಗಳಲ್ಲಿ ಶಾಲೆಗೆ ಸೇರುವ ಒಂದೂವರೆ ವರ್ಷ ಮೊದಲೇ ಮಗುವಿಗೆ ಎಷ್ಟು ಜರ್ಮನ್‌ ಬರುತ್ತದೆ ಅಂತ ಪರೀಕ್ಷಿಸುತ್ತಾರೆ. ಮೂರು ವರ್ಷ ಇಂಗ್ಲಿಷ್‌ ಕಿಂಡರ್‌ಗಾರ್ಟನ್‌ನಲ್ಲಿದ್ದ ಮಗು ಅಲ್ಲಿ ಮಿಕಮಿಕ ನೋಡುತ್ತದೆ.

ಪಾಪ, ಇಷ್ಟು ಚಿಕ್ಕ ಮಗುವಿಗೆ ಎಷ್ಟು ಭಾಷೆ ಅಂತ ಮನೆಯ ಹಿರಿಯರು ಖಂಡಿತ ಹೇಳುತ್ತಾರೆ. ಕೊಡಗಿನವರು ಈ ಮಾತಿಗೆ ಹೆದರುವುದು ನನಗೆ ಆಶ್ಚರ್ಯ. ನಮ್ಮ ಕಡೆ ಮಗು ಅಜ್ಜಿಯ ಜೊತೆ ಕೊಡವ ತಕ್ಕ್‌ ಆಡುತ್ತದೆ, ಅಥವಾ ಅರೆಭಾಷೆ. ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್‌. ತೋಟದ ಲೈನ್‌ಮನೆ ಮಕ್ಕಳ ಜೊತೆ ಆಡುತ್ತ ಆಡುತ್ತ ತಮಿಳೋ ಮಲಯಾಳವೋ ಯರವ ಭಾಷೆಯೋ ತಾನಾಗಿ ಬಂದಿರುತ್ತದೆ. ಯಾರೂ ಅದಕ್ಕೆ ಟ್ಯೂಷನ್‌ ಇಟ್ಟಿರಲಿಲ್ಲ. ಅದೇ ಮಗು ಜರ್ಮನ್‌ ಕಲಿಯುವುದಿಲ್ವಾ? ಮೊದಲ ಕೆಲವು ತಿಂಗಳು ಕೀಟಾದಲ್ಲಿ ಬಾಯಿ ಬಿಡದೆ ಇರಬಹುದು. ಕೇಳಿಸಿಕೊಳ್ಳುತ್ತಿರುತ್ತದೆ, ಗಾಬರಿ ಬೇಡ. ನಿಮ್ಮ ಕೆಲಸ ಮನೆಯಲ್ಲಿ ಮನೆಮಾತು ಬಿಡದೆ ಇರುವುದು. ಮಗುವಿಗೆ ಸಹಾಯ ಆಗಲಿ ಅಂತ ನೀವೇ ಅರ್ಧಂಬರ್ಧ ಜರ್ಮನ್‌ ಮಾತಾಡಲು ಹೋಗಬೇಡಿ. ಅದನ್ನು ಅಲ್ಲಿನ ಟೀಚರ್‌ಗಳು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಜಾಗ ನೋಡಲು ಹೋದಾಗ ಗೋಡೆಯ ಬಣ್ಣ, ಆಟದ ಸಾಮಾನು ನೋಡಿ ಮರುಳಾಗಬೇಡಿ. ಟೀಚರ್‌ಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಅಂತ ಕೇಳಿ. ಜರ್ಮನಿಯಲ್ಲಿ ಈ ಕೆಲಸಕ್ಕೆ ಜನ ಸಿಗುತ್ತಿಲ್ಲ. ಚಳಿಗಾಲದಲ್ಲಿ ಇಬ್ಬರು ಟೀಚರ್‌ಗಳಿಗೆ ಜ್ವರ ಬಂದರೆ, ಇವತ್ತು ಮಧ್ಯಾಹ್ನವೇ ಮಗುವನ್ನು ಕರಕೊಂಡು ಹೋಗಿ ಅಂತ ಮೆಸೇಜ್‌ ಬರುತ್ತದೆ. ಹೋದ ಚಳಿಗಾಲ ಹೀಗೆ ಎಷ್ಟು ಸಲ ಆಯಿತು ಅಂತ ನೇರವಾಗಿ ಕೇಳಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ವರ್ಷಕ್ಕೆ ಎಷ್ಟು ದಿನ ಬಾಗಿಲು ಮುಚ್ಚುತ್ತಾರೆ, ಅದೂ ಮುಖ್ಯ. ಇನ್ನು ದೂರ. ನಗರದ ಆ ತುದಿಯ ಹೆಸರುವಾಸಿ ಕಿಂಡರ್‌ಗಾರ್ಟನ್‌ಗಿಂತ ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಕೀಟಾ ಎಷ್ಟೋ ಮೇಲು. ಮಗುವಿನ ಗೆಳೆಯರೂ ಅದೇ ಬೀದಿಯವರಾಗುತ್ತಾರೆ, ಅವರ ಅಪ್ಪ ಅಮ್ಮಂದಿರೇ ನಿಮಗೆ ಮೊದಲ ಪರಿಚಯದವರು. ಜನವರಿಯ ಕತ್ತಲ ಬೆಳಿಗ್ಗೆ ಎರಡು ಟ್ರೈನ್‌ ಬದಲಾಯಿಸಿ ಮಗುವನ್ನು ಎಳಕೊಂಡು ಹೋಗುವ ಗೋಳು ಯಾರಿಗೂ ಬೇಡ.

ಚರ್ಚ್‌ ನಡೆಸುವ ಕೀಟಾಗಳು ಬಹಳ ಇವೆ. ಅದನ್ನು ಕೇಳಿದ ಕೂಡಲೇ ಕೆಲವರು ಬೇಡ ಅಂತಾರೆ. ಬೇರೆ ಧರ್ಮದ ಮಕ್ಕಳೂ ಅಲ್ಲಿರುತ್ತಾರೆ. ನವೆಂಬರ್‌ 11ಕ್ಕೆ ಸೇಂಟ್‌ ಮಾರ್ಟಿನ್‌ ದಿನ ಕಾಗದದ ಲಾಂದ್ರ ಹಿಡಿದು ಮೆರವಣಿಗೆ ಹೋಗುತ್ತಾರೆ, ಮಕ್ಕಳಿಗೆ ಖುಷಿ. ಇಲ್ಲಿ ನಾವೆಲ್ಲ ಕಾನ್ವೆಂಟಿನಲ್ಲೇ ಓದಿದವರು ಅಲ್ವಾ?

ಜಾಸ್ತಿ ಜನ ಎಡವುವುದು ಐನ್‌ಗೆವೋನುಂಗ್‌ ವಿಚಾರದಲ್ಲಿ. ಮಗುವನ್ನು ಹೊಸ ಜಾಗಕ್ಕೆ ನಿಧಾನವಾಗಿ ಒಗ್ಗಿಸುವ ಕ್ರಮ ಅದು. ಮೊದಲ ದಿನವೇ ಗೇಟಿನಲ್ಲಿ ಬಿಟ್ಟು, ಅಳುವ ಮಗುವನ್ನು ಆಯಾ ಎತ್ತಿಕೊಂಡು ಹೋಗುವ ಪದ್ಧತಿ ಅಲ್ಲಿಲ್ಲ. ಬರ್ಲಿನ್‌ ಮಾದರಿ ಅನ್ನುವ ಕ್ರಮದಲ್ಲಿ ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಸುಮಾರು ಒಂದು ಗಂಟೆ ಮಗುವಿನ ಜೊತೆ ಸುಮ್ನೆ ಕೂತಿದ್ದು ವಾಪಸ್‌ ಬರಬೇಕು. ನಾಲ್ಕನೇ ದಿನ ಕೆಲವು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಹೊರಗೆ ಹೋಗಿ ನೋಡುತ್ತಾರೆ. ಆ ನಾಲ್ಕನೇ ದಿನ ಸೋಮವಾರ ಬಿದ್ದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ಶನಿವಾರ ಭಾನುವಾರ ಮನೆಯಲ್ಲಿದ್ದು ಬಂದ ಮಗುವಿಗೆ ಕಷ್ಟ ಅಂತ. ಆಮೇಲೆ ಮಗು ಹೇಗೆ ತಗೊಳ್ಳುತ್ತದೋ ಹಾಗೆ ಹೊತ್ತು ಹೆಚ್ಚಿಸುತ್ತಾರೆ. ಎರಡು ವಾರಕ್ಕೂ ಮುಗಿಯಬಹುದು, ನಾಲ್ಕು ದಾಟಲೂಬಹುದು. ಅದಕ್ಕೇ ಹೇಳುವುದು, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರುವ ಹಾಗೆ ಒಪ್ಪಿಕೊಳ್ಳಬೇಡಿ. ಊರಿಂದ ಅಜ್ಜಿಯನ್ನು ಕರೆಸಿದರೂ ಸರಿ, ಆದರೆ ಶುರುವಿನಿಂದ ಕೊನೆವರೆಗೂ ಒಬ್ಬರೇ ಕೂರಬೇಕು.

ವಿಡಿಯೋ ಕಾಲ್‌ನಲ್ಲಿ ತಾತ ಕೇಳುತ್ತಾರೆ, ಎಬಿಸಿಡಿ ಬರೆಯಲು ಬರುತ್ತಾ ಅಂತ. ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಿಂಡರ್‌ಗಾರ್ಟನ್‌ ಅನ್ನುವ ಹೆಸರು ಕೊಟ್ಟದ್ದೇ ಫ್ರೋಬೆಲ್‌ ಅನ್ನುವ ಜರ್ಮನ್‌, 1840ರಲ್ಲಿ. ಮಗು ಆಡುತ್ತಲೇ ಕಲಿಯುತ್ತದೆ ಅನ್ನುವ ಅವನ ಮಾತನ್ನು ಅವರು ಇನ್ನೂ ಬಿಟ್ಟಿಲ್ಲ. ಓದು ಬರಹ ಶುರುವಾಗುವುದು ಆರಕ್ಕೆ, ಶಾಲೆಯಲ್ಲಿ. ಇಲ್ಲಿ ಎಲ್‌ಕೆಜಿಯಲ್ಲಿ ಟೈ ಕಟ್ಟಿ ಹೋಮ್‌ವರ್ಕ್‌ ಮಾಡುವ ಅಣ್ಣನ ಮಗನ ಜೊತೆ ಹೋಲಿಸಬೇಡಿ. ನಿಮ್ಮ ಮಗು ನಾಲ್ಕು ವರ್ಷಕ್ಕೆ ಕತ್ತರಿ ಹಿಡಿಯುತ್ತದೆ, ತಾನೇ ಜಾಕೆಟ್‌ ಹಾಕಿಕೊಳ್ಳುತ್ತದೆ, ತಟ್ಟೆ ತಾನೇ ಎತ್ತಿಡುತ್ತದೆ.

ಮಳೆ ಬಂದರೂ ಹೊರಗೆ ಬಿಡುತ್ತಾರೆ. ಮಾಟ್ಶ್‌ಹೋಸೆ ಅಂತ ಕೆಸರಿಗೆ ಹಾಕುವ ರಬ್ಬರಿನಂಥ ಪ್ಯಾಂಟ್‌, ಗಂಬೂಟು ಎರಡನ್ನೂ ಅಲ್ಲೇ ಇಟ್ಟಿರಬೇಕು. ಕಾಡಿನಲ್ಲೇ ನಡೆಯುವ ಕಿಂಡರ್‌ಗಾರ್ಟನ್‌ಗಳೂ ಇವೆ, ಅವರಿಗಿರುವುದು ಒಂದು ಗುಡಿಸಲೋ ಹಳೆ ಗಾಡಿಯೋ ಅಷ್ಟೇ. ಬೆಂಗಳೂರಿನ ಗೆಳೆಯರು ಅಯ್ಯೋ ಅಂತಾರೆ. ಭಾಗಮಂಡಲದ ಆಷಾಢದ ಮಳೆ ನೋಡಿದವರಿಗೆ ಅಲ್ಲಿನ ಮಳೆ ಮಳೆಯೇ ಅಲ್ಲ. ಜಿಗಣೆಯ ಕಾಟವೂ ಇಲ್ಲ. ಆದರೆ ಉಣ್ಣೆಹುಳ ಇರುತ್ತದೆ, ಮನೆಗೆ ಬಂದ ಮೇಲೆ ಮಗುವಿನ ಮೈಯೆಲ್ಲ ಒಮ್ಮೆ ನೋಡಬೇಕು.

ಊಟದಲ್ಲಿ ಪಂದಿ ತಿನ್ನುವವರಿಗೆ ತೊಂದರೆ ಕಡಿಮೆ. ದನದ ಮಾಂಸ ಬೇಡದವರು ಸೇರಿಸುವಾಗಲೇ ಬರೆದುಕೊಡಿ, ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ. ಸಸ್ಯಾಹಾರಿಗಳಿಗೆ ಈಗ ಬಹಳ ಕಡೆ ಬೇರೆ ಊಟ ಸಿಗುತ್ತದೆ.

ಹೊರಡುವ ಮೊದಲು ಇಲ್ಲೇ ಮಾಡಬೇಕಾದ ಒಂದು ಕೆಲಸ ಇದೆ. 2020ರ ಮಾರ್ಚ್‌ 1ರಿಂದ ಅಲ್ಲಿ ದಡಾರ ಲಸಿಕೆಯ ಪುರಾವೆ ಇಲ್ಲದೆ ಕೀಟಾಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಒಂದು ಡೋಸ್‌, ಎರಡು ದಾಟಿದರೆ ಎರಡು ಡೋಸ್‌ ಆಗಿರಬೇಕು. ನಮ್ಮಲ್ಲಿ ಒಂಬತ್ತು ತಿಂಗಳಿಗೆ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು ಎಂಆರ್‌ (ದಡಾರ-ರುಬೆಲ್ಲಾ) ಲಸಿಕೆ ಹಾಕುತ್ತಾರೆ. ಅದು ತಾಯಿ ಕಾರ್ಡಿನಲ್ಲಿ ಕೈಬರಹದಲ್ಲಿ ಇರುತ್ತದೆ, ಅರ್ಧ ತಾರೀಕು ಅಳಿಸಿರುತ್ತದೆ. ಮಡಿಕೇರಿಯ ಆಸ್ಪತ್ರೆಯಲ್ಲೋ ನಿಮ್ಮ ಮಕ್ಕಳ ಡಾಕ್ಟರ ಹತ್ತಿರವೋ ಹೋಗಿ ಎಲ್ಲ ಲಸಿಕೆ, ತಾರೀಕು ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ.

ಇಷ್ಟೆಲ್ಲ ಮಾಡಿಯೂ ಸೀಟು ಸಿಗದಿದ್ದರೆ ಯೂಗೆಂಡ್‌ಆಮ್ಟ್‌ ಅನ್ನುವ ಮಕ್ಕಳ ಇಲಾಖೆಗೆ ಬರಹದಲ್ಲಿ ಕೊಡಿ, ಸೀಟು ಹುಡುಕಿಕೊಡುವುದು ಅವರ ಕರ್ತವ್ಯ. ಅಲ್ಲಿವರೆಗೆ ಟಾಗೆಸ್‌ಮುಟರ್‌ ನೋಡಿಕೊಳ್ಳಬಹುದು. ಪರವಾನಗಿ ಪಡೆದು ಹೆಚ್ಚೆಂದರೆ ಐದು ಮಕ್ಕಳನ್ನು ತಮ್ಮ ಮನೆಯಲ್ಲೇ ನೋಡಿಕೊಳ್ಳುವವರು ಅವರು. ಮೂರರೊಳಗಿನ ಮಗುವಾದರೆ ನಾನು ಅದನ್ನೇ ಮೊದಲು ನೋಡಿ ಅಂತೀನಿ.